ಗೇಮ್ ಓಪನ್ ಆಗ್ತಿಲ್ವಾ? ಅನ್‌ಇನ್‌ಸ್ಟಾಲ್ ಒತ್ತೋಕ್ಮುಂಚೆ ಸ್ವಲ್ಪ ತಡೀರಿ

ಹೋದ ವಾರ ರಾತ್ರಿ ಹತ್ತೂವರೆ ಹೊತ್ತಿಗೆ ಚಿಕ್ಕಮ್ಮನ ಮಗ ಫೋನ್ ಮಾಡ್ದ. "ಅಣ್ಣಾ, ಗೇಮ್ ಓಪನ್ನೇ ಆಗ್ತಿಲ್ಲ, ಪ್ಲೇ ಒತ್ತಿದ್ರೆ ಏನೋ ಒಂದು ಕೋಡ್ ಬರತ್ತೆ, ಓಕೆ ಕೊಟ್ರೆ ಮುಚ್ಕೊಳತ್ತೆ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ಲಾ?" ಅಂದ. ಎಷ್ಟು ದೊಡ್ಡ ಗೇಮು ಅಂತ ಕೇಳಿದ್ರೆ ನೂರ ಹತ್ತು ಜಿಬಿ. ಮೂರು ದಿನ ರಾತ್ರಿಯೆಲ್ಲ ಕಂಪ್ಯೂಟರ್ ಆನ್ ಇಟ್ಟು ಇಳಿಸ್ಕೊಂಡಿದ್ದಂತೆ. "ಏನೂ ಮುಟ್ಬೇಡ, ಕೋಡ್ ಏನಿದೆ ಓದು" ಅಂದೆ.

0ಎಕ್ಸ್803ಎಫ್8001 ಅಂತ ಓದ್ದ. ಲೈಸೆನ್ಸ್ ಸಿಗದೇ ಇದ್ದಾಗ ಬರೋ ಕೋಡ್ ಇದು. ಅಂದ್ರೆ ಗೇಮಿನ ಫೈಲ್ ಎಲ್ಲ ಸರಿಯಾಗೇ ಕೂತಿರ್ಬೋದು, ಆದ್ರೆ ಇದನ್ನ ಆಡೋ ಹಕ್ಕು ಈ ಮನುಷ್ಯನಿಗೆ ಇದೆ ಅಂತ ವಿಂಡೋಸ್‌ಗೆ ಗೊತ್ತಾಗ್ತಿಲ್ಲ. ಮೈಕ್ರೋಸಾಫ್ಟ್ ಸ್ಟೋರ್ ಓಪನ್ ಮಾಡು, ಮೇಲ್ಗಡೆ ಮೂಲೇಲಿ ದುಂಡಗಿನ ಪ್ರೊಫೈಲ್ ಫೋಟೋ ಇದ್ಯಲ್ಲ ಅದ್ರಲ್ಲಿ ಯಾರಿದಾರೆ ನೋಡು ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಅಕ್ಕಂದು ಇದೆ" ಅಂದ. ಅವನಕ್ಕ ಯಾವಾಗ್ಲೋ ಕಾಲೇಜ್ ಕೆಲಸಕ್ಕೆ ಅಂತ ಏನೋ ಆ್ಯಪ್ ಇಳಿಸೋಕೆ ತನ್ನ ಐಡಿ ಹಾಕಿ ಲಾಗಿನ್ ಆಗಿದ್ಲು, ಅದು ಹಂಗೇ ಉಳ್ಕೊಂಡಿತ್ತು. ಗೇಮ್ ಇಳಿಸಿ ಆಡೋ ಎಕ್ಸ್‌ಬಾಕ್ಸ್ ಆ್ಯಪ್ನಲ್ಲಿ ಇವನು, ಸ್ಟೋರ್‌ನಲ್ಲಿ ಅವಳು. ಪಿಸಿ ಗೇಮ್ ಪಾಸ್, ಅಂದ್ರೆ ಚಂದಾ ಕಟ್ಟಿ ಗೇಮ್ ಆಡೋ ಮೈಕ್ರೋಸಾಫ್ಟ್ ಸಬ್‌ಸ್ಕ್ರಿಪ್ಷನ್, ಇರೋದು ಇವನ ಅಕೌಂಟ್‌ನಲ್ಲಿ. ಸೈನ್ ಔಟ್, ಇವನ ಐಡಿ, ಒಂದು ರೀಸ್ಟಾರ್ಟ್, ಅಷ್ಟೇ, ಐದು ನಿಮಿಷ ಆಗ್ಲಿಲ್ಲ. ಅವತ್ತು ಅವನು ಅನ್‌ಇನ್‌ಸ್ಟಾಲ್ ಒತ್ತಿದ್ರೆ ಇನ್ನೊಂದ್ ಮೂರು ದಿನ ಡೌನ್‌ಲೋಡ್ ಮಾಡಿ ಕೊನೆಗೆ ಅದೇ ಕೋಡ್ ಮುಂದೆ ಬಂದು ಕೂರ್ತಿದ್ದ.

ಇದನ್ನ ಬರೀಬೇಕು ಅಂತ ಅನ್ಸಿದ್ದು ಅದಕ್ಕೇ. ಗೇಮ್ ಓಡ್ಲಿಲ್ಲ ಅಂದ ತಕ್ಷಣ ನಮ್ ಕೈ ಹೋಗೋದು ಅನ್‌ಇನ್‌ಸ್ಟಾಲ್ ಕಡೆಗೇ, ಆದ್ರೆ ಸಬ್‌ಸ್ಕ್ರಿಪ್ಷನ್ ಗೇಮ್‌ಗಳಲ್ಲಿ ನಾನು ನೋಡಿರೋ ಮಟ್ಟಿಗೆ ತೊಂದ್ರೆ ಇರೋದು ಗೇಮಲ್ಲಲ್ಲ, ಗೇಮಿಗೂ ನಮಗೂ ಮಧ್ಯ ಇರೋ ಬಾಗಿಲಲ್ಲಿ. ಹಿಂದೆ ಸಿಡಿ ಹಾಕಿ ಆಡ್ತಿದ್ದಾಗ ಗೇಮ್ ಇದ್ರೆ ಇತ್ತು, ಇಲ್ಲಾಂದ್ರೆ ಇಲ್ಲ. ತಿಂಗಳ ಚಂದಾ ಗೇಮ್ ಹಂಗಲ್ಲ, ಈ ಅಕೌಂಟ್ ಯಾರದು, ಚಂದಾ ಚಾಲ್ತಿಯಲ್ಲಿದ್ಯಾ, ಲೈಸೆನ್ಸ್ ಕೊಡ್ಬೋದಾ ಅನ್ನೋದು ಗೊತ್ತಾಗ್ಬೇಕು, ಅದಕ್ಕೆ ಹಿಂದ್ಗಡೆ ಎರಡು ಮೂರು ಸರ್ವೀಸ್ (ಕಣ್ಣಿಗೆ ಕಾಣದೆ ಕೆಲಸ ಮಾಡೋ ಪ್ರೋಗ್ರಾಮ್) ಓಡ್ತಿರ್ಬೇಕು, ಇಂಟರ್ನೆಟ್ ಇರ್ಬೇಕು, ಕಂಪ್ಯೂಟರ್ ಗಡಿಯಾರ ಸರಿ ಇರ್ಬೇಕು. ಇದ್ರಲ್ಲಿ ಯಾವುದೊಂದು ಕೊಂಡಿ ಕಳಚಿದ್ರೂ ಹೊರಗಡೆ ಕಾಣೋದು ಒಂದೇ, "ಗೇಮ್ ಓಪನ್ ಆಗ್ತಿಲ್ಲ".

ಗಡಿಯಾರ ಅಂದ್ನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ನನ್ನ ಹಳೇ ಡೆಸ್ಕ್‌ಟಾಪ್‌ನ ಒಂದ್ ಸಲ ಇಪ್ಪತ್ತು ದಿನ ಪ್ಲಗ್ ತೆಗೆದಿಟ್ಟು ಮತ್ತೆ ಆನ್ ಮಾಡಿದಾಗ ಯಾವ ಗೇಮೂ ಓಪನ್ ಆಗ್ಲಿಲ್ಲ, ಸೈನ್ ಇನ್ನೂ ಆಗ್ತಿಲ್ಲ, ಬ್ರೌಸರ್ ತೆಗೆದ್ರೆ ಯಾವ ಸೈಟಿಗೆ ಹೋದ್ರೂ ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ. ನೆಟ್ ಸರಿ ಇಲ್ವೇನೋ ಅಂತ ರೌಟರ್ ಮೂರು ಸಲ ಆಫ್ ಆನ್ ಮಾಡ್ದೆ. ಆಮೇಲೆ ಕೆಳಗಡೆ ಬಲ ಮೂಲೇಲಿ ಕಣ್ಣು ಹೋಯ್ತು, ತಾರೀಖು ಎಷ್ಟೋ ವರ್ಷ ಹಿಂದಿಂದು ತೋರಿಸ್ತಿದೆ! ಮದರ್‌ಬೋರ್ಡ್ ಮೇಲೆ ಒಂದು ದುಂಡನೆ ಬಟನ್ ಸೆಲ್ ಇರತ್ತೆ, ಸಾಮಾನ್ಯವಾಗಿ ಸಿಆರ್2032, ಕರೆಂಟ್ ಇಲ್ದಾಗ ಗಡಿಯಾರ ಓಡಿಸೋದು ಅದು, ಅದು ಸತ್ತೋಗಿತ್ತು. ಸರ್ವರ್ ಜೊತೆ ಮಾತಾಡುವಾಗ ಅದು ಅಸಲಿ ಅಂತ ತೋರಿಸೋಕೆ ಸರ್ಟಿಫಿಕೇಟ್ ಅನ್ನೋ ಡಿಜಿಟಲ್ ಗುರುತುಪತ್ರ ಕೊಡತ್ತೆ, ಪ್ರತಿ ಸರ್ಟಿಫಿಕೇಟ್‌ಗೂ ಇಂತಿಂಥ ತಾರೀಖಿನಿಂದ ಇಂತಿಂಥ ತಾರೀಖಿನವರೆಗೆ ಅಂತ ಅವಧಿ ಇರತ್ತೆ, ನಮ್ ಕಂಪ್ಯೂಟರ್ ಹಳೇ ವರ್ಷದಲ್ಲಿ ಕೂತಿದ್ರೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಅದಕ್ಕೆ ಕಾಣತ್ತೆ, ಹಂಗಾಗಿ ಬೇಡ ಅನ್ನತ್ತೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಸಿಂಕ್ ನೌ ಒತ್ತಿದೆ, ಎಲ್ಲ ಸರಿ ಹೋಯ್ತು, ಸೆಲ್ ಆಮೇಲೆ ಬದಲಾಯಿಸ್ದೆ. ಅವತ್ತಿಂದ ಯಾರು ಸೈನ್ ಇನ್ ಆಗ್ತಿಲ್ಲ ಅಂದ್ರೂ ನಾನು ಮೊದ್ಲು ಕೇಳೋದು "ಟೈಮ್ ಎಷ್ಟು ತೋರಿಸ್ತಿದೆ?"

ಈಗ ಕೋಡ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದು ಗೊತ್ತಾದ್ಮೇಲೆ ನನಗೆ ಎಷ್ಟು ಸಲೀಸಾಯ್ತು ಅಂದ್ರೆ, ಶಾಲೇಲೇ ಯಾರಾದ್ರೂ ಹೇಳ್ಕೊಟ್ಟಿದ್ರೆ ಚೆನ್ನಾಗಿರ್ತಿತ್ತು ಅನ್ಸತ್ತೆ. ಜನ ಎರರ್ ಕೋಡ್ ನೋಡಿದ ತಕ್ಷಣ ಅದೇನೋ ಗುಪ್ತ ಭಾಷೆ ಅಂತ ಮುಚ್ಚಿಬಿಡ್ತಾರೆ, ಆದ್ರೆ 0ಎಕ್ಸ್8007 ಅಂತ ಶುರುವಾಗೋ ಕೋಡ್‌ಗಳನ್ನ ನೀವೇ ಬಿಡಿಸ್ಬೋದು. ಆ 8007 ಅಂದ್ರೆ ಇದು ವಿಂಡೋಸ್‌ನ ಮಾಮೂಲಿ ಎರರ್ ಪಟ್ಟಿಯಿಂದ ಬಂದಿದ್ದು ಅಂತ ಅರ್ಥ, ಅದ್ರ ಮುಂದಿನ ನಾಲ್ಕು ಅಂಕಿ ಆ ಪಟ್ಟಿಯ ನಂಬರ್, ಆದ್ರೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರ್ದಿರ್ತಾರೆ. ಉದಾಹರಣೆಗೆ 0ಎಕ್ಸ್80070424 ಬಂತು ಅನ್ಕೊಳಿ. ಕ್ಯಾಲ್ಕ್ಯುಲೇಟರ್ ತೆಗೆದು ಪ್ರೋಗ್ರಾಮರ್ ಮೋಡ್‌ಗೆ ಹಾಕಿ, ಹೆಕ್ಸ್‌ನಲ್ಲಿ 424 ಒತ್ತಿ, ಡೆಸಿಮಲ್‌ನಲ್ಲಿ 1060 ಅಂತ ಬರತ್ತೆ. ಈಗ ಕಮಾಂಡ್ ಪ್ರಾಂಪ್ಟ್ ತೆಗೆದು ನೆಟ್ ಅಂತ ಹೊಡ್ದು ಸ್ಪೇಸ್ ಬಿಟ್ಟು ಹೆಲ್ಪ್‌ಎಂಎಸ್‌ಜಿ ಅಂತ ಹೊಡ್ದು ಮತ್ತೆ ಸ್ಪೇಸ್ ಬಿಟ್ಟು 1060 ಹೊಡೀರಿ (net helpmsg 1060), ಆ ಹೆಸರಿನ ಸರ್ವೀಸ್ ಇನ್‌ಸ್ಟಾಲೇ ಆಗಿಲ್ಲ ಅಂತ ವಿಂಡೋಸೇ ಇಂಗ್ಲಿಷ್‌ನಲ್ಲಿ ಹೇಳತ್ತೆ. ಇದೇ ಥರ ಕೊನೇಲಿ 0005 ಇದ್ರೆ ಪರ್ಮಿಷನ್ ಇಲ್ಲ ಅಂತ. 0070 ಇದ್ರೆ ಅದು ಡೆಸಿಮಲ್‌ನಲ್ಲಿ 112, ಡ್ರೈವ್‌ನಲ್ಲಿ ಜಾಗ ಇಲ್ಲ ಅಂತ. ನೋಡಿ, ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಗೇಮ್ ತೆಗೆದು ಹಾಕೋದೇ ಮದ್ದು ಅಂದ್ರೆ ಹೆಂಗೆ?

ಆ 424 ಬಂದಾಗ ಇಲ್ಲ ಅಂತ ಹೇಳ್ತಿರೋ ಸರ್ವೀಸ್ ಯಾವುದು ಅಂದ್ರೆ, ಪಿಸಿ ಗೇಮ್ ಪಾಸ್ ಆಡೋರಿಗೆ ಹೆಚ್ಚಾಗಿ ಅದು ಗೇಮಿಂಗ್ ಸರ್ವೀಸಸ್. ಇದು ಕಣ್ಣಿಗೆ ಕಾಣೋ ಆ್ಯಪ್ ಅಲ್ಲ, ಹಿಂದ್ಗಡೆ ಕೂತು ಗೇಮ್ ಇನ್‌ಸ್ಟಾಲ್ ಮಾಡೋದು, ಶುರು ಮಾಡೋದು ಎಲ್ಲ ನೋಡ್ಕೊಳತ್ತೆ. ವಿಂಡೋಸ್ ಅಪ್ಡೇಟ್ ಅರ್ಧಕ್ಕೆ ನಿಂತಾಗ, ಅಥವಾ ಕಂಪ್ಯೂಟರ್ ಫಾಸ್ಟ್ ಮಾಡ್ತೀವಿ ಅನ್ನೋ ಸಾಫ್ಟ್‌ವೇರ್‌ಗಳು ಬೇಡದ ಸರ್ವೀಸ್ ಅಂತ ಇದನ್ನ ಆಫ್ ಮಾಡ್ದಾಗ ಇದು ಕೆಟ್ಟು ಕೂರತ್ತೆ. (ಆ ಥರ ಬೂಸ್ಟರ್, ಕ್ಲೀನರ್ ಸಾಫ್ಟ್‌ವೇರ್ ದಯವಿಟ್ಟು ಹಾಕ್ಬೇಡಿ, ಅದ್ರಿಂದ ಒಂದ್ ಗೇಮೂ ಫಾಸ್ಟ್ ಆಗಿದ್ದು ನಾನು ನೋಡಿಲ್ಲ.) ಮೊದ್ಲೆಲ್ಲ ಇದನ್ನ ಸರಿ ಮಾಡೋಕೆ ಪವರ್‌ಶೆಲ್‌ನ ಅಡ್ಮಿನ್ ಆಗಿ ತೆಗೆದು ಉದ್ದುದ್ದ ಕಮಾಂಡ್ ಹೊಡೀಬೇಕಿತ್ತು. ಈಗ ಎಕ್ಸ್‌ಬಾಕ್ಸ್ ಆ್ಯಪ್ನಲ್ಲೇ ಪ್ರೊಫೈಲ್ ಫೋಟೋ ಒತ್ತಿ ಸಪೋರ್ಟ್‌ಗೆ ಹೋದ್ರೆ ಗೇಮಿಂಗ್ ಸರ್ವೀಸಸ್ ರಿಪೇರ್ ಟೂಲ್ ಅಂತ ಒಂದಿದೆ, ಓಡಿಸಿ, ಮಧ್ಯ ಪರ್ಮಿಷನ್ ಕೇಳಿದ್ರೆ ಯೆಸ್ ಕೊಡಿ, ಮುಗಿದ್ಮೇಲೆ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಅಂದ್ರೆ ರೀಸ್ಟಾರ್ಟೇ, ಶಟ್‌ಡೌನ್ ಮಾಡಿ ಆನ್ ಮಾಡೋದಲ್ಲ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗಲ್ಲ.

ಇನ್ನೊಂದು ಗುಂಪು ಇದೆ, ಚಂದಾ ಒಂದ್ ಕಡೆ, ಗೇಮ್ ಲಾಂಚರ್ (ಗೇಮ್ ಶುರು ಮಾಡೋ ಆ್ಯಪ್) ಇನ್ನೊಂದ್ ಕಡೆ. ಇಎ ಅನ್ನೋ ಗೇಮ್ ಕಂಪನಿಯ ಇಎ ಪ್ಲೇ ಗೇಮ್‌ಗಳು ಹಂಗೇ, ಗೇಮ್ ಪಾಸ್‌ನಲ್ಲಿ ಕಂಡ್ರೂ ಓಡೋಕೆ ಇಎ ಆ್ಯಪ್ ಬೇಕು, ಎರಡು ಅಕೌಂಟ್ ಒಂದಕ್ಕೊಂದು ಲಿಂಕ್ ಆಗಿರ್ಬೇಕು. ಇಲ್ಲಿ ಸಿಕ್ಕಾಕೊಳೋದು ಹೆಂಗೆ ಅಂದ್ರೆ, ಎಷ್ಟೋ ವರ್ಷದ ಹಿಂದೆ ಯಾವ್ದೋ ಫುಟ್ಬಾಲ್ ಗೇಮ್‌ಗೆ ಅಂತ ಬೇರೆ ಈಮೇಲ್‌ನಲ್ಲಿ ಒಂದ್ ಇಎ ಅಕೌಂಟ್ ಮಾಡಿರ್ತೀವಿ, ಲಿಂಕ್ ಆಗಿರೋದು ಅದಕ್ಕೆ, ಈಗ ಲಾಗಿನ್ ಆಗಿರೋದು ಹೊಸ ಅಕೌಂಟ್‌ಗೆ, ಹಂಗಾಗಿ ಈ ಗೇಮ್ ನಿಮ್ಮ ಹತ್ರ ಇಲ್ಲ ಅನ್ನತ್ತೆ. ಸಿಟ್ಟು ಬರತ್ತೆ ನಿಜ, ಆದ್ರೆ ಯಾವ ಈಮೇಲ್ ಎಲ್ಲಿದೆ ಅಂತ ಒಂದು ಹಾಳೆ ಮೇಲೆ ಬರ್ಕೊಂಡು ಕೂತ್ರೆ ಹತ್ತು ನಿಮಿಷದ ಕೆಲಸ.

ಕೋಡೇ ಬರದೆ ಸುಮ್ನೆ ಮುಚ್ಕೊಳೋ ಗೇಮ್‌ಗಳ ಕಥೆ ಬೇರೆ. ಲೋಗೋ ಬಂತು, ಕಪ್ಪು ಸ್ಕ್ರೀನ್ ಬಂತು, ಡೆಸ್ಕ್‌ಟಾಪ್‌ಗೆ ವಾಪಸ್. ಇಷ್ಟರ ಮಟ್ಟಿಗೆ ಬಂತು ಅಂದ್ರೆ ಹೆಚ್ಚು ಕಡಿಮೆ ಬಾಗಿಲು ದಾಟಿದೆ ಅಂತ ಲೆಕ್ಕ, ಈಗ ಒಳಗಡೆ ನೋಡ್ಬೇಕು. ಸ್ಟಾರ್ಟ್ ಮೆನುವಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ, ವಿಂಡೋಸ್ ಲಾಗ್ಸ್, ಅದ್ರಲ್ಲಿ ಅಪ್ಲಿಕೇಷನ್. ಗೇಮ್ ಬಿದ್ದ ಟೈಮಿಗೆ ಸರಿಯಾಗಿ ಕೆಂಪು ಗುರುತಿನ ಒಂದ್ ಸಾಲು ಇರತ್ತೆ, ಅಪ್ಲಿಕೇಷನ್ ಎರರ್, ನಂಬರ್ 1000. ಅದನ್ನ ಒತ್ತಿದ್ರೆ ಕೆಳಗಡೆ ಫಾಲ್ಟಿಂಗ್ ಮಾಡ್ಯೂಲ್ ನೇಮ್, ಅಂದ್ರೆ ಯಾವ ಫೈಲ್‌ನಲ್ಲಿ ಎಡವಿತು ಅಂತ ಒಂದ್ ಸಾಲು, ನಿಮಗೆ ಬೇಕಾಗಿರೋದು ಅದೊಂದೇ. ಎನ್‌ವಿ ಅಂತ ಶುರುವಾಗೋ ಫೈಲ್ ಇದ್ರೆ ಎನ್‌ವಿಡಿಯಾ ಡ್ರೈವರ್ ಕಡೆ ಅನುಮಾನ, ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಇದ್ರೆ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ (ಗೇಮ್‌ಗಳು ಓಡೋಕೆ ಬೇಕಾದ ಮೈಕ್ರೋಸಾಫ್ಟ್ ಫೈಲ್‌ಗಳ ಕಟ್ಟು) ಮತ್ತೆ ಹಾಕಿ ನೋಡ್ಬೇಕು, ಓವರ್‌ಲೇ, ಅಂದ್ರೆ ಗೇಮ್ ಮೇಲೆ ತನ್ನ ಕಿಟಕಿ ತೋರಿಸೋ ಸಾಫ್ಟ್‌ವೇರ್‌ನ ಹೆಸರಿದ್ರೆ ಅದನ್ನ ಆಫ್ ಮಾಡಿ ನೋಡ್ಬೇಕು. ಹೆಸರು ನೋಡಿದ ಮಾತ್ರಕ್ಕೆ ಅದೇ ತಪ್ಪು ಅಂತ ಅಲ್ಲ, ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗತ್ತೆ.

ವಿಂಡೋಸ್ ಸೆಕ್ಯೂರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಒಂದಿದೆ, ತಾನಾಗೇ ಆನ್ ಇರಲ್ಲ, ಆದ್ರೆ ರ‍್ಯಾನ್ಸಮ್‌ವೇರ್ (ಫೈಲ್ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಭಯಕ್ಕೆ ಯಾರೋ ಆನ್ ಮಾಡಿರ್ತಾರೆ. ಅದು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಗೇಮ್ ತನ್ನ ಸೆಟ್ಟಿಂಗ್ಸ್ ಫೈಲ್ ಬರ್ಯೋಕೆ ಬಿಡಲ್ಲ, ಗೇಮ್ ಏನೂ ಹೇಳದೆ ಸತ್ತೋಗತ್ತೆ. ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಆ ಗೇಮಿನ ಹೆಸರು ಬ್ಲಾಕ್ ಅಂತ ಕಂಡ್ರೆ ಆ ಗೇಮ್ ಒಂದಕ್ಕೆ ಮಾತ್ರ ಅನುಮತಿ ಕೊಡಿ, ರಕ್ಷಣೆ ಪೂರ್ತಿ ಆಫ್ ಮಾಡೋಕೆ ಹೋಗ್ಬೇಡಿ. ಆನ್‌ಲೈನ್ ಶೂಟರ್ ಆಡೋರು ಇನ್ನೊಂದು ನೋಡ್ಕೊಳಿ, ಈಗೀಗ ಕೆಲವು ಗೇಮ್‌ಗಳ ಆ್ಯಂಟಿ ಚೀಟ್‌ಗೆ (ಮೋಸದ ಆಟ ತಡೆಯೋ ಸಾಫ್ಟ್‌ವೇರ್) ಬಯಾಸ್‌ನಲ್ಲಿ, ಅಂದ್ರೆ ವಿಂಡೋಸ್‌ಗಿಂತ ಮುಂಚೆ ಬರೋ ಮದರ್‌ಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ, ಸೆಕ್ಯೂರ್ ಬೂಟ್ ಅನ್ನೋ ರಕ್ಷಣೆ ಆನ್ ಇರ್ಲೇಬೇಕು, ಅದಿಲ್ದೆ ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದ್ರೂ ಓಪನ್ ಆಗಲ್ಲ.

ಇಷ್ಟೆಲ್ಲ ಆದ್ಮೇಲೆ ಫೈಲ್ ಮೇಲೆ ಅನುಮಾನ ಪಡಿ. ಆಗ್ಲೂ ಮೊದ್ಲು ವೆರಿಫೈ ಅಂಡ್ ರಿಪೇರ್, ಎಕ್ಸ್‌ಬಾಕ್ಸ್ ಆ್ಯಪ್ನಲ್ಲಿ ಗೇಮ್ ಪಕ್ಕ ಮೂರು ಚುಕ್ಕಿ ಒತ್ತಿ ಮ್ಯಾನೇಜ್‌ಗೆ ಹೋಗಿ ಫೈಲ್ಸ್‌ನಲ್ಲಿ ಸಿಗತ್ತೆ. ಹಾಳಾಗಿರೋ ಭಾಗ ಮಾತ್ರ ಮತ್ತೆ ಇಳಿಸ್ಕೊಳತ್ತೆ, ನೂರು ಜಿಬಿ ಪೂರ್ತಿ ಅಲ್ಲ.

ಅನ್‌ಇನ್‌ಸ್ಟಾಲ್ ಮಾಡ್ಲೇಬೇಕು ಅನ್ನೋ ಸ್ಥಿತಿ ಬಂದ್ರೆ ಒಂದೇ ಒಂದು ಕೆಲಸ ಮಾಡಿ, ನಿಮ್ಮ ಸೇವ್ (ಆಟ ಎಲ್ಲಿವರೆಗೆ ಆಡಿದ್ದೀರಿ ಅನ್ನೋ ಫೈಲ್) ಎಲ್ಲಿದೆ ನೋಡ್ಕೊಳಿ. ಸೇವ್ ಕ್ಲೌಡ್‌ಗೆ ಹೋಗೋದು ನೆಟ್ ಇದ್ದು ಸಿಂಕ್ ಮುಗಿದ್ರೆ ಮಾತ್ರ, ಕೊನೇ ಸಲ ನೆಟ್ ಇಲ್ದೆ ಆಡಿದ್ರೆ ಆ ಆಟ ಇನ್ನೂ ನಿಮ್ಮ ಡ್ರೈವ್‌ನಲ್ಲೇ ಇರ್ಬೋದು. ಸಾಧ್ಯ ಆದ್ರೆ ಆ ಸೇವ್ ಫೋಲ್ಡರ್‌ನ ಇನ್ನೊಂದ್ ಕಡೆ ಕಾಪಿ ಮಾಡಿಟ್ಟು ಆಮೇಲೆ ತೆಗೀರಿ. ಚಿಕ್ಕಮ್ಮನ ಮಗ ಅವತ್ತು ಗೇಮ್ ಓಪನ್ ಆದ್ಮೇಲೆ ಸ್ಕ್ರೀನ್ ಫೋಟೋ ಕಳ್ಸಿದ್ದ, ಕಂಟಿನ್ಯೂ ಬಟನ್ ಕೆಳಗಡೆ ಸಣ್ಣಕ್ಷರದಲ್ಲಿ ಅವನ ಆಟದ ಸಮಯ ಇತ್ತು, 61 ಗಂಟೆ. ಅದನ್ನ ನೋಡಿ ನನಗೆ ಒಂದ್ ಕ್ಷಣ ಎದೆ ಝಲ್ ಅಂತು, ಯಾಕಂದ್ರೆ ಆ ವಾರ ಎಲ್ಲ ಅವನ ನೆಟ್ ಸರಿ ಇರ್ಲಿಲ್ಲ.