ಮಲ್ಪೆಯಿಂದ ಹೊನ್ನಾವರಕ್ಕೆ ಆರು ದಿನ

ರೋಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿಸಿ, ಕಾಫಿ ಗಿಡದ ಮೊಗ್ಗು ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಹದಿನೈದು ಇಪ್ಪತ್ತು ದಿನಗಳೇ ಸೋಮವಾರಪೇಟೆ ಕಡೆಯ ನಮ್ಮಂಥ ಬೆಳೆಗಾರರಿಗೆ ಸಿಗುವ ನಿಜವಾದ ಬಿಡುವು. ಈ ಸಲ ಆ ಬಿಡುವನ್ನು ನಾನೂ ನಮ್ಮ ಯಜಮಾನರೂ ನಮ್ಮದೇ ದೋಣಿಯಲ್ಲಿ ಕಳೆದೆವು. 26 ಅಡಿ ಉದ್ದದ ಫೈಬರ್ ದೋಣಿ. ಒಂದು ಸಣ್ಣ ಡೀಸೆಲ್ ಎಂಜಿನ್, ಒಂದು ಹಾಯಿ, ಇಬ್ಬರು ಮಲಗುವಷ್ಟು ಜಾಗ. ಬೆಟ್ಟದವರಿಗೆ ಕಡಲಿನ ಗೊಡವೆ ಏಕೆ ಎಂದು ನೆಂಟರು ಕೇಳುತ್ತಾರೆ. ಕೊಡಗಿನ ನೀರೆಲ್ಲ ಕಾವೇರಿಯ ಜತೆ ಮೂಡಣಕ್ಕೆ ಹೋಗುವುದಿಲ್ಲ, ಪುಷ್ಪಗಿರಿಯ ಪಡುವಣ ಇಳಿಜಾರಿಗೆ ಬಿದ್ದ ಮಳೆ ಕುಮಾರಧಾರೆಯಾಗಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಇದೇ ಕಡಲಿಗೆ ಇಳಿಯುತ್ತದೆ ಎಂದು ನಾನು ಅವರಿಗೆ ಹೇಳುತ್ತೇನೆ.

ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿ, ಬೆಳಿಗ್ಗೆ ಐದಕ್ಕೆ ಮಲ್ಪೆ ಬಿಟ್ಟೆವು. ಆ ಹೊತ್ತಿಗೆ ಹೊರಡುವುದಕ್ಕೆ ಕಾರಣವಿದೆ. ಬೇಸಗೆಯಲ್ಲಿ ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ನೀರು ಕೆರೆಯಂತೆ ಶಾಂತವಾಗಿರುತ್ತದೆ. ಹನ್ನೊಂದರ ನಂತರ ವಾಯವ್ಯದ ಗಾಳಿ ಎದ್ದರೆ, ಬಡಗಣಕ್ಕೆ ಹೊರಟ ಸಣ್ಣ ದೋಣಿಗೆ ಪ್ರತಿ ತೆರೆಯೂ ಎದುರಾಳಿ. ಆದ್ದರಿಂದ ದಿನಕ್ಕೆ ನಾಲ್ಕೈದು ಗಂಟೆಯಷ್ಟೇ ಪಯಣ, ಉಳಿದದ್ದೆಲ್ಲ ಲಂಗರು. ಮೊದಲ ದಿನ ಗಂಗೊಳ್ಳಿಗೆ ಬಂದು, ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಕೂಡುವ ಆ ವಿಶಾಲವಾದ ನೀರಿನಲ್ಲಿ ಮನಸ್ಸು ಎಷ್ಟು ನೆಲೆನಿಂತಿತೆಂದರೆ, ಒಂದು ರಾತ್ರಿಗೆಂದು ಹಾಕಿದ ಲಂಗರನ್ನು ಮೂರು ರಾತ್ರಿ ಎತ್ತಲಿಲ್ಲ. ಭಟ್ಕಳದಲ್ಲಿ ಎರಡು ರಾತ್ರಿ ಕಳೆದು, ಮೀನಿನ ಧಕ್ಕೆಯಲ್ಲಿ ಬಂಗುಡೆ ಕೊಂಡು ಮುಂದೆ ಹೊರಟೆವು.

ಎಡಕ್ಕೆ ನೇತ್ರಾಣಿ ದ್ವೀಪ ಕಪ್ಪು ಗುಡ್ಡೆಯಂತೆ ತೇಲುತ್ತಿತ್ತು. ಬಲಕ್ಕೆ ಮುರುಡೇಶ್ವರದ 123 ಅಡಿಯ ಶಿವ. ಹೆದ್ದಾರಿಯಲ್ಲಿ ಹೋಗುವಾಗ ಕಂಡೂ ಕಾಣದಂತೆ ಸರಿದುಹೋಗುವ ಆ ಮೂರ್ತಿಯನ್ನು ಈ ಸಲ ಎರಡು ಗಂಟೆಗೂ ಹೆಚ್ಚು ಹೊತ್ತು, ಮೊದಲು ಎದುರಿನಿಂದ, ಆಮೇಲೆ ಪಕ್ಕದಿಂದ, ಕೊನೆಗೆ ಬೆನ್ನ ಕಡೆಯಿಂದ ನೋಡುತ್ತ ಹೋದೆವು. ಗಂಟೆಗೆ ಎಂಟು ಕಿಲೋಮೀಟರ್ ವೇಗದ ದೋಣಿ ಕೊಡುವ ಸುಖ ಇದು.

ಹೊನ್ನಾವರದ ಅಳಿವೆಯ ಎದುರಿಗೆ ಬಂದಾಗ ಹನ್ನೊಂದು ಗಂಟೆ, ಇಳಿತದ ಹೊತ್ತು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಇಳಿತದಲ್ಲಿ ಹೊರಗೆ ಧಾವಿಸುವ ಶರಾವತಿಯ ನೀರಿಗೂ ಒಳಗೆ ಬರುವ ಕಡಲ ತೆರೆಗೂ ಆ ದಿಬ್ಬದ ಮೇಲೆಯೇ ಡಿಕ್ಕಿ. ತೆರೆ ಗೋಡೆಯಂತೆ ನೆಟ್ಟಗೆ ಎದ್ದು ಒಡೆಯುತ್ತದೆ. ನಮ್ಮ ದೋಣಿಯ ತಳ ನೀರೊಳಗೆ ಮೂರು ಅಡಿ ಇಳಿದಿರುತ್ತದೆ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಬಂದ ಮೀನುಗಾರಿಕೆ ದೋಣಿ ನಡೆಸುವ ತಾಂಡೇಲರು ಕೈಯೆತ್ತಿ ತಡೆದರು: "ಈಗ ಬೇಡ ಅಮ್ಮಾ, ನೀರು ಏರ್ಲಿ. ಆಮೇಲೆ ನಮ್ಮ ಹಿಂದೇ ಬನ್ನಿ."

ಬಸವರಾಜದುರ್ಗ ದ್ವೀಪದ ಮರೆಗೆ ಹೋಗಿ ಕಾದೆವು. ನಮ್ಮವರು ಸಣ್ಣ ಸ್ಟೌ ಹೊತ್ತಿಸಿ, ಬಂಗುಡೆಗೆ ನಮ್ಮ ತೋಟದ ಕರಿಮೆಣಸನ್ನು ಜಜ್ಜಿ ಹಾಕಿ, ಮನೆಯಿಂದ ತಂದಿದ್ದ ಕೊಡಗಿನ ಹಣ್ಣಿನ ಹುಳಿ ಕಾಚಂಪುಳಿಯನ್ನು ನಾಲ್ಕು ಹನಿ ಬಿಟ್ಟರು. ದೋಣಿ ಹೊರಳಿದಾಗಲೆಲ್ಲ ಬಾಣಲೆ ಜಾರದಂತೆ ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಮೀನು ಮಗುಚುತ್ತಿದ್ದರು. ಕಾಚಂಪುಳಿಯ ಕಪ್ಪು ಹುಳಿ ಮೀನಿನ ಎಣ್ಣೆಗೆ ಬೆರೆತು ಬಂದ ಆ ವಾಸನೆಗೆ ಹಸಿವು ಇಮ್ಮಡಿಸಿತು.

ಐದರ ಹೊತ್ತಿಗೆ ಉಬ್ಬರ ತುಂಬಿತ್ತು. ತಾಂಡೇಲರು ಮಾತು ಮರೆತಿರಲಿಲ್ಲ. ಅವರ ದೋಣಿಯ ಹಿಂದೆ ಐವತ್ತು ಮಾರು ಬಿಟ್ಟು, ಅವರು ತಿರುಗಿದಲ್ಲೇ ತಿರುಗುತ್ತ ನಡೆಸಿದೆ. ದಿಬ್ಬದ ಮೇಲೆ ಒಂದು ತೆರೆ ಹಿಂಬದಿಯನ್ನು ಎತ್ತಿದಾಗ ಚುಕ್ಕಾಣಿ ಒಂದು ಕ್ಷಣ ಹಗುರವಾಗಿ, ಹಿಡಿತಕ್ಕೇ ಸಿಗದಂತಾಯಿತು. ಯಜಮಾನರು ಏನೂ ಹೇಳದೆ ನನ್ನ ಕೈಯ ಮೇಲೆ ಕೈಯಿಟ್ಟರು. ಮರುಕ್ಷಣವೇ ನದಿಯ ನಿಶ್ಚಲ ನೀರು, ಎರಡೂ ದಡದಲ್ಲಿ ತೆಂಗು.

ಅಂದು ರಾತ್ರಿಯೇ ತೋಟದ ಲೆಕ್ಕಪತ್ರ ನೋಡುವ ರೈಟರ್ ಫೋನ್ ಮಾಡಿ, ಒಂದು ಇಂಚು ಹೂಮಳೆ ಬಿದ್ದಿದೆ ಎಂದರು. ಬೆಳಿಗ್ಗೆ ದೋಣಿಯನ್ನು ಪರಿಚಯದವರ ವಶಕ್ಕೆ ಒಪ್ಪಿಸಿ ಬಸ್ಸು ಹತ್ತಿದೆವು. ಆರು ದಿನಗಳಲ್ಲಿ ಬಂದ ದಾರಿ ಮಧ್ಯಾಹ್ನದೊಳಗೆ ಹಿಂದಕ್ಕೆ ಸರಿಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಮೀನಿಗೆ ಇಳಿಯದ ಕಡಲಿನಲ್ಲಿ ನಮ್ಮ ದೋಣಿಗೆ ಕೆಲಸವಿಲ್ಲ. ಹೂವು ಕಾಯಿ ಕಚ್ಚಿದ ಮೇಲೆ, ಮೇ ತಿಂಗಳಿಗೆ ಮುಂಚೆ, ಅದನ್ನು ಮಲ್ಪೆಗೆ ವಾಪಸು ತರಬೇಕು.