ಕೊಪ್ಪರಿಗೆ ಇಳಿಯುವ ಹೊತ್ತು, ಉಬ್ಬರ ಇಳಿಯುವ ಹೊತ್ತು

ಶಿರಸಿಯ ಸ್ನೇಹಿತರು ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಕಬ್ಬು ಮುಗಿಯುತ್ತ ಬಂತು. ಶುಕ್ರವಾರ ಕಡೆಯ ಕೊಪ್ಪರಿಗೆ, ಶನಿವಾರ ಬಂದರೆ ನಿಮಗೆ ತೋರಿಸಲು ಬರೀ ಒಲೆ ಇರುತ್ತದೆ." ಮಕ್ಕಳ ಶಾಲೆ, ಗೆಳತಿಯ ಗಂಡನ ರಜೆ, ಕುಮಟೆಯ ವಸತಿಗೃಹ ಎಲ್ಲವನ್ನೂ ಶನಿವಾರಕ್ಕೆ ಹೊಂದಿಸಿಕೊಂಡು ಕುಳಿತಿದ್ದ ನಾವು ಆ ಒಂದು ಕರೆಗಾಗಿ ಒಂದು ದಿನ ಮೊದಲೇ ಹುಬ್ಬಳ್ಳಿ ಬಿಟ್ಟೆವು. ಉತ್ತರ ಕನ್ನಡಕ್ಕೆ ಹೋಗುವವರು ಸಾಮಾನ್ಯವಾಗಿ ಜಲಪಾತ, ದೇವಸ್ಥಾನ, ಕಡಲತೀರಗಳ ಪಟ್ಟಿ ಹಿಡಿದು ಹೊರಡುತ್ತಾರೆ. ನಮ್ಮ ಕೈಯಲ್ಲಿದ್ದದ್ದು ತಿನ್ನುವುದರ ಪಟ್ಟಿ: ಆಲೆಮನೆಯ ಬೆಲ್ಲ, ಕುಮಟೆಯ ಈರುಳ್ಳಿ, ಅಘನಾಶಿನಿಯ ಬಳಚು ಎಂಬ ಚಿಪ್ಪುಮೀನು, ಕಾರವಾರದ ಬಂಗಡೆ. ಇವುಗಳಲ್ಲಿ ಒಂದಾದರೂ ನಮ್ಮ ಬಿಡುವು ನೋಡಿಕೊಂಡು ಕಾಯುವಂಥದ್ದಲ್ಲ ಎಂಬುದನ್ನು ಆ ಫೋನು ಮೊದಲೇ ತಿಳಿಸಿತ್ತು, ಆದರೂ ಒಂದು ಕಡೆ ನಾವು ಎಡವಿದೆವು.

ಎರಡು ಸಂಸಾರ ಸೇರಿ ಏಳು ಮಂದಿ. ನಮ್ಮ ಕಡೆಯಿಂದ ನಾನು, ನನ್ನ ಗಂಡ, ಎಂಟು ವರ್ಷದ ಮಗ, ಜೊತೆಗೆ ಮೀನಿನ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿಯುವ ನನ್ನ ಅಮ್ಮ. ಇನ್ನೊಂದು ಕಡೆ ಕಾರವಾರದಲ್ಲಿ ಹುಟ್ಟಿ ಬೆಳೆದು, ಮೀನಿಲ್ಲದ ಊಟವನ್ನು ಉಪವಾಸದ ಲೆಕ್ಕಕ್ಕೆ ಹಾಕುವ ಗೆಳತಿ, ಅವಳ ಗಂಡ ಮತ್ತು ಮಗಳು. ಈ ಇಬ್ಬರನ್ನು ಒಂದೇ ಪಂಕ್ತಿಯಲ್ಲಿ ಹೇಗೆ ಕೂರಿಸುವುದು ಎಂಬ ಚಿಂತೆ ನನಗೆ ದಾರಿಯುದ್ದಕ್ಕೂ ಇತ್ತು.

ಶಿರಸಿಯಿಂದ ಒಳಗೆ, ಅಡಿಕೆ ತೋಟದ ಅಂಚಿನ ಆ ಮನೆಯ ಅಂಗಳಕ್ಕೆ ಕಾಲಿಡುತ್ತಲೇ "ಆಸ್ರಿಗೆ ಎಂತ ಬೇಕು?" ಎಂಬ ಪ್ರಶ್ನೆ ಬಂತು. ಹವ್ಯಕರ ಮನೆಗಳಲ್ಲಿ ಬಂದವರ ದಣಿವಿಗೆ ಕುಡಿಯಲು ಕೊಡುವುದಕ್ಕೆ ಈ ಹೆಸರು. ಆದರೆ ಅಂದು ಉತ್ತರಕ್ಕೆ ಕಾಯದೆ, ನಿಂಬೆ ಹಿಂಡಿ ಶುಂಠಿ ಜಜ್ಜಿ ಹಾಕಿದ ಕಬ್ಬಿನ ಹಾಲಿನ ಲೋಟಗಳು ಬಂದವು. ಅದರ ಬೆನ್ನಿಗೆ ಮಂಡಕ್ಕಿ, ಮೆಣಸಿನಕಾಯಿ ಭಜ್ಜಿ. ಸಿಹಿಯ ಮೇಲೆ ಖಾರ, ಖಾರದ ಮೇಲೆ ಮತ್ತೆ ಸಿಹಿ, ಹೀಗೆ ಒಂದಕ್ಕೊಂದು ಕರೆದುಕೊಂಡು ಹೋಗುವ ಈ ಜೋಡಿಯಲ್ಲಿ ನಿಲ್ಲಿಸುವ ಜಾಗವೇ ಸಿಗುವುದಿಲ್ಲ. ಮಗ ನಾಲ್ಕು ಲೋಟ ಕುಡಿದ. ಅದರ ಲೆಕ್ಕ ಮರುದಿನ ಘಟ್ಟದಲ್ಲಿ ಚುಕ್ತಾ ಆಯಿತು.

ಹಿಂದೆ ಕೋಣಗಳು ಸುತ್ತುತ್ತಿದ್ದ ಗಾಣವನ್ನು ಈಗ ಯಂತ್ರ ತಿರುಗಿಸುತ್ತದೆ. ಒಲೆ ಮಾತ್ರ ಹಳೆಯದೇ: ನೆಲದಲ್ಲಿ ತೋಡಿದ ಉದ್ದನೆಯ ಬಾಯಿ, ಒಳಗೆ ಉರಿಯುವುದು ಅದೇ ಕಬ್ಬಿನ ಒಣಗಿದ ಸಿಪ್ಪೆ. ಕೊಪ್ಪರಿಗೆಯಲ್ಲಿ ಹಾಲು ಕಾಯುತ್ತ ಬಂದಂತೆ ಮೇಲೆ ಕಟ್ಟುವ ಕಪ್ಪು ಕಲ್ಮಶವನ್ನು ಜಾಲರಿಯ ಸೌಟಿನಿಂದ ತೆಗೆಯುತ್ತಲೇ ಇರಬೇಕು. ಕೊಳೆ ಬೇರ್ಪಡಲೆಂದು ನಡುವೆ ಒಂದಿಷ್ಟು ಸುಣ್ಣದ ನೀರು ಬಿಡುತ್ತಾರೆ. ಹದ ನೋಡುವ ಹಿರಿಯರಿಗೆ ಗಡಿಯಾರವಾಗಲಿ ಉಷ್ಣಮಾಪಕವಾಗಲಿ ಬೇಕಿರಲಿಲ್ಲ. ಗುಳ್ಳೆಗಳು ಚಿಕ್ಕದಾಗಿದ್ದು ದೊಡ್ಡದಾಗುವುದನ್ನು, ಅವು ಒಡೆಯುವ ಸದ್ದು ದಪ್ಪವಾಗುವುದನ್ನು ಅವರು ಕೇಳುತ್ತ ನಿಂತಿದ್ದರು. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ "ಹಿಡಿಯಿರಿ" ಎಂದ ಕ್ಷಣಕ್ಕೆ ಎಲ್ಲರೂ ಕೊಪ್ಪರಿಗೆಯ ಕಿವಿಗಳಿಗೆ ಕೋಲು ತೂರಿಸಿ ಎತ್ತಿ ಇಳಿಸಿದರು. ಈ ಸೀಮೆಯ ಬೆಲ್ಲ ಅಚ್ಚು ಕಟ್ಟುವುದಕ್ಕಿಂತ ಹೆಚ್ಚಾಗಿ ಜೋನಿಯಾಗಿಯೇ ಡಬ್ಬಿ ಸೇರುತ್ತದೆ, ವರ್ಷವಿಡೀ ದೋಸೆಯ ಪಕ್ಕದಲ್ಲಿ ಅದೇ. ಇಳಿಸಿದ ಕೊಪ್ಪರಿಗೆಯ ಅಂಚಿನ ನೊರೆಬೆಲ್ಲವನ್ನು ಬಾಳೆ ಎಲೆಯ ಚೂರಿನಲ್ಲಿ ಬಾಚಿ ಬಿಸಿಬಿಸಿ ನೆಕ್ಕುವ ಸುಖ ಎರಡೇ ನಿಮಿಷದ್ದು. ಆಮೇಲೆ ಅದೂ ಬೆಲ್ಲವೇ.

ಅಡುಗೆಮನೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮಡಕೆಯನ್ನು ಬೆಂಕಿಯ ಮೇಲೆ ಬೋರಲು ಹಾಕಿ, ಅಕ್ಕಿ ರುಬ್ಬಿ ಕಬ್ಬಿನ ಹಾಲು ಬೆರೆಸಿದ ತೆಳ್ಳನೆಯ ಹಿಟ್ಟಿಗೆ ಬಟ್ಟೆಯ ತುದಿ ಅದ್ದಿ, ಮನೆಯೊಡತಿ ಮಡಕೆಯ ಬೆನ್ನಿನ ಮೇಲೆ ಒಂದೇ ಬೀಸಿನಲ್ಲಿ ಎಳೆಯುತ್ತಿದ್ದರು. ತೊಡೆಯುವುದೆಂದರೆ ಬಳಿಯುವುದು, ತೊಡೆದೇವು ಎಂಬ ಹೆಸರಿನಲ್ಲೇ ಅದರ ಕ್ರಮವಿದೆ. ಬಳಿದ ಹಿಟ್ಟು ಒಂದು ಉಸಿರಿನೊಳಗೆ ಕಾಗದವಾಗಿ ಅಂಚು ಎದ್ದುಕೊಳ್ಳುತ್ತದೆ. ಅಷ್ಟರಲ್ಲಿ ತುಪ್ಪ ಸವರಿ ಮಡಿಸಿ ತೆಗೆಯಬೇಕು, ತಡವಾದರೆ ಮಡಿಕೆಯಲ್ಲೇ ಮುರಿಯುತ್ತದೆ. ಗೆಳತಿ ಹಟ ಹಿಡಿದು ಬಟ್ಟೆ ಕೈಗೆ ತೆಗೆದುಕೊಂಡಳು. ಅವಳ ಮೊದಲ ಮೂರು ಚೂರಾದವು, ನಾಲ್ಕನೆಯದು ದೋಸೆಯಾಯಿತು. ಆ ಚೂರುಗಳನ್ನೆಲ್ಲ ಅಮ್ಮ ಒಂದು ಡಬ್ಬಿಗೆ ತುಂಬಿಸಿಕೊಂಡರು.

ಮಧ್ಯಾಹ್ನದ ಊಟದಲ್ಲಿ ತಂಬುಳಿ, ಪಲ್ಯಗಳ ನಡುವೆ ನೆನಪಿನಲ್ಲಿ ಉಳಿದದ್ದು ಅಪ್ಪೆಹುಳಿ. ಆ ದಿನಗಳ ಎಳೆಯ ಅಪ್ಪೆಮಿಡಿಯನ್ನು ಬೇಯಿಸಿ ಕಿವುಚಿ, ನೀರಿನಷ್ಟೇ ತೆಳ್ಳಗೆ ಮಾಡಿ, ಒಗ್ಗರಣೆ ಕೊಟ್ಟ ಅದನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವವರೇ ಹೆಚ್ಚು. ಕುಡಿದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ನನ್ನ ಗಂಡ ಸಂಜೆ ಐದಕ್ಕೆ ಎದ್ದರು.

ಶನಿವಾರ ಬೆಳಿಗ್ಗೆ ಉಂಚಳ್ಳಿ. ಅಘನಾಶಿನಿ ಇಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ, ಅದರ ಅಬ್ಬರಕ್ಕೆ ಊರವರು ಇಟ್ಟ ಹೆಸರು ಕೆಪ್ಪ ಜೋಗ. ಮಾರ್ಚ್ ತಿಂಗಳ ನೀರು ಯಾರನ್ನೂ ಕೆಪ್ಪರನ್ನಾಗಿಸುವಂತಿರಲಿಲ್ಲ, ಆದರೆ ಕಣಿವೆಯ ಹಸಿರನ್ನು ನೋಡಲು ಅದೇ ಅನುಕೂಲವಾಯಿತು. ಮೆಟ್ಟಿಲುಗಳ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತ ನಾನು ಮಕ್ಕಳಿಗೆ ಹೇಳಿದ್ದು ಇಷ್ಟು: ಈ ನದಿ ಶಿರಸಿಯ ಪಕ್ಕದಲ್ಲಿ ಹುಟ್ಟಿ, ಯಾವ ಅಣೆಕಟ್ಟಿನಲ್ಲೂ ನಿಲ್ಲದೆ ಸಮುದ್ರಕ್ಕೆ ಹೋಗುತ್ತದೆ, ಮಧ್ಯಾಹ್ನ ನಾವು ಅದನ್ನು ಅದರ ಇನ್ನೊಂದು ತುದಿಯಲ್ಲಿ ನೋಡುತ್ತೇವೆ.

ಯಾಣವನ್ನು ಬಿಟ್ಟೆವು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆಯ ಎರಡೂ ಅರ್ಹತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಅಮ್ಮನ ಮಂಡಿಗಂತೂ ಇಲ್ಲವೇ ಇಲ್ಲ. ದೇವಿಮನೆ ಘಟ್ಟದ ಮೂರನೆಯ ತಿರುವಿನಲ್ಲಿ ಮಗ ಗಾಡಿ ನಿಲ್ಲಿಸಿ ಎಂದ. ನಿಲ್ಲಿಸುವಷ್ಟರಲ್ಲಿ ತಡವಾಗಿತ್ತು. ಹಿಂದಿನ ಸೀಟು ತೊಳೆಯುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಕುಮಟೆಯ ಹೆದ್ದಾರಿಯ ಬದಿಯಲ್ಲಿ, ಅಳ್ವೆಕೋಡಿ, ಹಂದಿಗೋಣದ ಆಸುಪಾಸಿನಲ್ಲಿ ಬೇಸಿಗೆ ಬಂದರೆ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ಒಣಗಿದ ಸೊಪ್ಪನ್ನೇ ಜಡೆಯಂತೆ ಹೆಣೆದು ಕಟ್ಟಿರುತ್ತಾರೆ. ಹೊಸ ಬೆಳೆ ಆಗತಾನೆ ಬರತೊಡಗಿತ್ತು. ಮಾರುವ ಹೆಂಗಸು ಒಂದನ್ನು ಅಂಗೈಯಲ್ಲಿಟ್ಟು ಗುದ್ದಿ ಒಡೆದು ಅಮ್ಮನಿಗೆ ಕೊಟ್ಟಳು. ಹಸಿಯಾಗಿ ಕಡಿದರೂ ಕಣ್ಣಲ್ಲಿ ನೀರು ಬರಲಿಲ್ಲ, ಸಿಹಿಯೇ ಮುಂದೆ ನಿಂತಿತು. ಅಮ್ಮ ಅರ್ಧ ಗಂಟೆ ಚೌಕಾಸಿ ಮಾಡಿ ಎರಡು ಗೊಂಚಲು ಕೊಂಡರು. ನಮ್ಮ ಕಾರು ಆ ಹೊತ್ತಿಗೆ ಯಾವ ವಾಸನೆಗೂ ಒಗ್ಗಿಹೋಗಿತ್ತು.

ಅಘನಾಶಿನಿ ಊರಿನ ದಡಕ್ಕೆ ಬಂದಾಗ ಮೂರು ಗಂಟೆ. ಎದುರಿಗೆ ತದಡಿ, ನಡುವೆ ತುಂಬಿ ನಿಂತ ನೀರು. ಬಳಚು ಆರಿಸುವವರ ಸುಳಿವೇ ಇಲ್ಲ. ದೋಣಿ ಕಟ್ಟುತ್ತಿದ್ದವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ "ಬೆಳಿಗ್ಗೆ ಬರ್ಬೇಕಿತ್ತು ನೀವು, ಈಗ ಭರತ ಅದೆ" ಎಂದರು. ಭರತವೆಂದರೆ ಉಬ್ಬರ. ಬೆಲ್ಲದ ಹೊತ್ತನ್ನು ಕೇಳಿ ಹೊರಟ ನಾವು ಸಮುದ್ರದ ಹೊತ್ತನ್ನು ಯಾರನ್ನೂ ಕೇಳಿರಲಿಲ್ಲ. ತಪ್ಪು ಗೆಳತಿಯದೇ ಎಂದು ನಾನು ಈಗಲೂ ವಾದಿಸುತ್ತೇನೆ, ಏಕೆಂದರೆ ಕಡಲ ಮಗ್ಗುಲಲ್ಲಿ ಬೆಳೆದವಳು ಅವಳು. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಚಂದ್ರನ ಹಾಗೆಯೇ ಇದೂ ಮರುದಿನಕ್ಕೆ ಸುಮಾರು 50 ನಿಮಿಷ ತಡ. ಶಿವರಾತ್ರಿಯ ಅಮಾವಾಸ್ಯೆ ಕಳೆದು ಅಂದಿಗೆ ಮೂರನೆಯ ದಿನ. ಆ ದಿನ ಬೆಳಿಗ್ಗೆ ಏಳೂವರೆಗೆ ನೀರು ತಳ ಕಂಡಿತ್ತು, ನಾಳೆ ಎಂಟೂ ಇಪ್ಪತ್ತರ ಹೊತ್ತಿಗೆ ಬನ್ನಿ ಎಂದು ಬೆರಳು ಮಡಚಿ ಹೇಳಿದರು. ಮಗ ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡ.

ಭಾನುವಾರ ಎಂಟಕ್ಕೆ ಅದೇ ಜಾಗ ಗುರುತು ಸಿಗಲಿಲ್ಲ. ನಿನ್ನೆ ನೀರಿದ್ದಲ್ಲಿ ಬೂದು ಬಣ್ಣದ ಕೆಸರು, ಅದರ ಮೇಲೆ ಸೊಂಟ ಬಗ್ಗಿಸಿದ ಹೆಂಗಸರು, ಅವರ ಹಿಂದೆ ನೀರಲ್ಲಿ ತೇಲುವ ಬುಟ್ಟಿಗಳು. ಅವರು ಕಣ್ಣಿನಿಂದ ಹುಡುಕುವುದಿಲ್ಲ, ಪಾದದಿಂದ ತಡವಿ, ಗಟ್ಟಿಯಾದದ್ದು ತಾಗಿದರೆ ಕೈ ಇಳಿಸಿ ಎತ್ತುತ್ತಾರೆ. ನಾನೂ ಗೆಳತಿಯ ಮಗಳೂ ಮೊಣಕಾಲವರೆಗೆ ಇಳಿದೆವು. ಅವಳು ಒಂದು ಬೊಗಸೆ ಆರಿಸುವಷ್ಟರಲ್ಲಿ ನನ್ನ ಹಿಮ್ಮಡಿಯನ್ನು ಒಡೆದ ಚಿಪ್ಪೊಂದು ಕೊಯ್ದಿತ್ತು. ತಿಂದು ಉಳಿದ ಚಿಪ್ಪನ್ನು ಸುಟ್ಟರೆ ಸುಣ್ಣ. ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದ ಅಮ್ಮನಿಗೆ ಇದನ್ನು ಕೇಳಿ ಆಲೆಮನೆಯ ಸುಣ್ಣದ ನೀರು ನೆನಪಾಗಿ, "ಹಾಗಾದರೆ ನಾನು ತಿಂದ ಬೆಲ್ಲ?" ಎಂದರು. ಯಾರೂ ಉತ್ತರ ಕೊಡಲಿಲ್ಲ.

ಇದೇ ನದೀಮುಖದ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಜಂತ್ರಡಿ ಎಂಬ ತೂಬಿನ ಬಾಗಿಲು ತೆರೆದರೆ ಅದೇ ಗದ್ದೆಗೆ ಸೀಗಡಿ, ಮೀನು. ಹಿಂದಿನ ರಾತ್ರಿ ಕಗ್ಗದ ಕೆಂಪಕ್ಕಿಯ ಗಂಜಿಗೆ ಅಪ್ಪೆಮಿಡಿಯ ಉಪ್ಪಿನಕಾಯಿ ನೆಂಚಿಕೊಂಡು ಉಂಡದ್ದು ಈ ಪ್ರವಾಸದ ಅತ್ಯಂತ ಅಗ್ಗದ, ನನ್ನ ಮಟ್ಟಿಗೆ ಅತ್ಯುತ್ತಮ ಊಟ. ಮಿರ್ಜಾನ್ ಸುತ್ತಿ ಆಚೆ ದಡದ ಸಾಣಿಕಟ್ಟಾಕ್ಕೆ ಹೋದರೆ ಅಲ್ಲಿ ಆಗರಗಳಲ್ಲಿ ಈ ನದೀಮುಖದ ನೀರೇ ಬಿಸಿಲಿಗೆ ಹರಳುಗಟ್ಟುತ್ತದೆ. ಅಮ್ಮ ಒಂದು ಹಿಡಿ ಉಪ್ಪು ಕರ್ಚೀಫಿನಲ್ಲಿ ಕಟ್ಟಿಕೊಂಡರು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ತೀರದಲ್ಲಿ ಉಪ್ಪಿನ ಕಾಯಿದೆ ಮುರಿದ ಕಥೆಯನ್ನು ಗೆಳತಿ ಅಲ್ಲಿಂದ ಅಂಕೋಲೆ ಬರುವವರೆಗೂ ಹೇಳಿದಳು, ನಡುವೆ ಒಮ್ಮೆ ಮಾತ್ರ ನಿಲ್ಲಿಸಿದಳು. ಅದು ಶಿರೂರು. 2024ರ ಜುಲೈನಲ್ಲಿ ಅಲ್ಲಿ ಗುಡ್ಡ ಜಾರಿದಾಗ ಹೆದ್ದಾರಿ ಬದಿಯ ಚಹಾದಂಗಡಿಯೂ ಮಣ್ಣಿನಡಿ ಹೋಗಿತ್ತು. ಊರೂರಿಗೆ ಚಹಾ ಕೇಳುತ್ತ ಬಂದಿದ್ದ ನಾವು ಗಂಗಾವಳಿಯ ಆ ತಿರುವನ್ನು ಮಾತಿಲ್ಲದೆ ದಾಟಿದೆವು.

ಕಾರವಾರದಲ್ಲಿ ಗೆಳತಿಯ ಚಿಕ್ಕಮ್ಮ ಬೆಳಿಗ್ಗೆಯೇ ಮೀನುಪೇಟೆಗೆ ಹೋಗಿ ಬಂದಿದ್ದರು. ನಮ್ಮ ಬಳಚು ಅಲ್ಲಿ ತಿಸ್ರೆಯಾಗಿ, ಉಪ್ಪು ನೀರಿನಲ್ಲಿ ಮರಳು ಉಗುಳಿ, ಆವಿಯಲ್ಲಿ ಬಾಯಿ ತೆರೆದು, ತೆಂಗಿನಕಾಯಿಯ ಸುಕ್ಕೆ ಸೇರಿತು. ಬಂಗಡೆಯ ಸಾರಿಗೆ ಅವರು ತೆಫ್ಲಾ ಹಾಕಿದರು. ಇದು ಕಾಳುಮೆಣಸಿಗಿಂತ ದೊಡ್ಡದಾದ, ಬಾಯಿ ಬಿಟ್ಟ ಒಣಕಾಯಿ, ನಾಲಿಗೆಗೆ ತಾಗಿದರೆ ಜುಮ್ಮೆನ್ನುತ್ತದೆ. ಅಮ್ಮ ಒಂದನ್ನು ಮೂಸಿ ನೋಡಿ "ಇದು ನಮ್ಮ ಜುಮ್ಮನಕಾಯಿ" ಎಂದದ್ದೇ ತಡ, ಚಿಕ್ಕಮ್ಮ ಇನ್ನೊಂದು ಒಲೆಯಲ್ಲಿ ಬೇರೆ ಪಾತ್ರೆಯಿಟ್ಟು ಅದೇ ಕಾಯಿ ಹಾಕಿ ಮೊಳಕೆ ಹೆಸರಿನ ಗಸಿ ಮಾಡಿದರು. ಮುರುಗಲಿನ ಸೋಲ್‌ಕಡಿ ಎರಡು ಎಲೆಗೂ ಒಂದೇ ಪಾತ್ರೆಯಿಂದ ಬಿತ್ತು. ಅಮ್ಮ ಸೆರಗು ಮೂಗಿಗೆ ಹಿಡಿದದ್ದನ್ನು ನಾನು ನೋಡಲಿಲ್ಲ, ಬೆವರು ಒರೆಸಿಕೊಂಡದ್ದನ್ನು ಮಾತ್ರ ನೋಡಿದೆ.

ಸಂಜೆ ಟಾಗೋರ್ ಕಡಲತೀರ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ತರುಣ ರವೀಂದ್ರನಾಥರು ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಕೋಟೆಯ ಗುಡ್ಡದ ಬುಡದಲ್ಲಿ ಒಬ್ಬ ರೈತನ ಅಂಗಳದಲ್ಲಿ ಕುಳಿತು, ಕಟ್ಟಿಕೊಂಡು ಹೋದದ್ದನ್ನು ತಿಂದ ಸಂಗತಿ ಅವರ ನೆನಪುಗಳಲ್ಲಿದೆ. ಏನು ತಿಂದರೆಂದು ಬರೆದಿಲ್ಲ, ಅದೊಂದು ಕೊರತೆ. ನಮಗೆ ಬೆಳದಿಂಗಳಿರಲಿಲ್ಲ, ಪಡುವಣದಲ್ಲಿ ಚೌತಿಯ ತೆಳ್ಳನೆಯ ಚಂದ್ರನಿದ್ದ. ಅಮ್ಮ ಡಬ್ಬಿ ತೆರೆದು ತೊಡೆದೇವಿನ ಚೂರುಗಳನ್ನು ಹಂಚಿದರು, ಗೆಳತಿ ತನ್ನ ಕೈಯ ಕೆಲಸವನ್ನು ಗುರುತು ಹಿಡಿದು ಒಂದನ್ನೂ ಬಿಡಲಿಲ್ಲ. ಮಗ ಅಂಗೈ ನೋಡಿಕೊಂಡು, ಅಳಿಸುತ್ತ ಬಂದಿದ್ದ ಅಂಕಿಗೆ 50 ಕೂಡಿಸಿ, "ಹಾಗಾದರೆ ನಾಳೆ ಒಂಬತ್ತೂ ಹತ್ತಕ್ಕೆ, ಅಲ್ಲವಾ?" ಎಂದ. ಆ ಹೊತ್ತಿಗೆ ನಾವು ಅರಬೈಲ್ ಘಟ್ಟ ಹತ್ತುತ್ತಿರಬೇಕಿತ್ತು.