ಕಡಲಾಮೆಯ ಮೊಟ್ಟೆ ಎತ್ತುವ ಮುನ್ನ

ಚಳಿಗಾಲ ಕಾಲಿಟ್ಟಿತೆಂದರೆ ಹೊನ್ನಾವರದ ಕಾಸರಕೋಡ ಟೊಂಕ, ಕಾರವಾರದ ದೇವಬಾಗದ ಕಡೆ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಮರಳೇರುತ್ತವೆ. ಅವುಗಳ ಜಾಡು ಮೊದಲು ಕಣ್ಣಿಗೆ ಬೀಳುವುದು ಬೆಳಗಿನ ಜಾವ ಕಡಲಿಗಿಳಿಯುವ ಮೀನುಗಾರರಿಗೆ. ಗೂಡು ಕಂಡ ಕೂಡಲೇ ಮೊಟ್ಟೆ ತೆಗೆದು ಬೇರೆಡೆ ಹೂಳುವುದೇ ರಕ್ಷಣೆ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಉಬ್ಬರದ ನೀರು ಮುಟ್ಟದ ಜಾಗವಾದರೆ ಗೂಡನ್ನು ಅಲ್ಲೇ ಬಿಡಬೇಕು. ನಾಯಿ, ನರಿ ಕೆದಕದಂತೆ ಮೇಲೆ ಜಾಲರಿ ಹೊದಿಸಿದರೆ ಸಾಕು. ಮರಿಯ ಚಿಪ್ಪು ಸುಮಾರು 4 ಸೆಂ.ಮೀ. ಇರುತ್ತದೆ, ಅದು ಸಲೀಸಾಗಿ ನುಸುಳುವಷ್ಟು ದೊಡ್ಡ ಕಣ್ಣು ಜಾಲರಿಗಿರಲಿ.

ಎತ್ತಲೇಬೇಕಾದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಇದು, ಅನುಮತಿಯಿಲ್ಲದೆ ಮೊಟ್ಟೆ ಮುಟ್ಟುವಂತಿಲ್ಲ. ಆಮೇಲೆ ತಡಮಾಡಬಾರದು. ತಾಯಿಯ ಹೊಟ್ಟೆಯಲ್ಲಿ ತಡೆದು ನಿಂತಿದ್ದ ಭ್ರೂಣದ ಬೆಳವಣಿಗೆ, ಮೊಟ್ಟೆ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಮತ್ತೆ ಶುರುವಾಗಿ, ಭ್ರೂಣ ಚಿಪ್ಪಿನ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆ ಮಗುಚಿದರೆ ಅದು ಸಾಯುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಎರಡು ಮೂರು ಗಂಟೆಯೊಳಗೆ ಕೆಲಸ ಮುಗಿಸುವುದೇ ಒಳ್ಳೆಯದು. ಗೂಡು ನಿನ್ನೆಯದೋ ಮೊನ್ನೆಯದೋ ಎಂಬ ಅನುಮಾನವಿದ್ದರೆ ಎತ್ತಲೇಬೇಡಿ.

ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಒಂದೊಂದಾಗಿ ಕೈಯಲ್ಲಿ ತೆಗೆದು, ತಳದಲ್ಲಿ ಹಸಿ ಮರಳು ಹಾಸಿದ ಬಕೆಟ್‌ನಲ್ಲಿ, ಇದ್ದ ದಿಕ್ಕಿನಲ್ಲೇ ಇಡಬೇಕು. ಬೈಕಿನ ಮೇಲೆ ಕುಲುಕಿಸಿಕೊಂಡು ಹೋಗುವುದು ಬೇಡ. ಹೊಸ ಗುಂಡಿ ಸುಮಾರು 45 ಸೆಂ.ಮೀ. ಆಳ, ಬಾಯಿ ಕಿರಿದು, ತಳ ಅಗಲ, ತಂಬಿಗೆಯ ಹಾಗೆ. ಅಗೆಯುವ ಮೊದಲು ಮೇಲಿನ ಒಣ ಮರಳನ್ನು ಪೂರ್ತಿ ಸರಿಸಿ, ಇಲ್ಲದಿದ್ದರೆ ಅದು ಒಳಗೆ ಜಾರಿ ಗುಂಡಿ ಕುಸಿಯುತ್ತದೆ. ಗೂಡಿನಿಂದ ಗೂಡಿಗೆ ಒಂದು ಮೀಟರ್ ಅಂತರ ಬೇಕು.

ಮರಿ ಹೊರಬರಲು 45ರಿಂದ 60 ದಿನ. ಗೂಡು ಬಿಸಿಯಾದಷ್ಟೂ ಹೆಣ್ಣು ಹೆಚ್ಚು, ತಂಪಾದಷ್ಟೂ ಗಂಡು. ಬಿಸಿ ಅತಿಯಾದರೆ ಮೊಟ್ಟೆಯೇ ಬೇಯುತ್ತದೆ. ಆದ್ದರಿಂದ ಬೇಸಿಗೆ ಸಮೀಪಿಸಿದಾಗ ನೆರಳಿನ ಬಲೆ ಕಟ್ಟಬೇಕು.

ಮರಿಗಳನ್ನು ಫೋಟೊಕ್ಕಾಗಿ ನೀರಿನ ಟಬ್‌ನಲ್ಲಿ ಹಿಡಿದಿಡುವುದನ್ನು ದಯವಿಟ್ಟು ನಿಲ್ಲಿಸಿ. ಹುಟ್ಟಿದ ಮೊದಲ ದಿನ ಈಜಿ ಆಳಕ್ಕೆ ತಲುಪಲು ಅವುಗಳಿಗಿರುವ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಟಾರ್ಚ್ ಆರಿಸಿ, ಮರಳ ಮೇಲೆ ಬಿಟ್ಟು, ತಾವಾಗಿ ನಡೆಯಲು ಬಿಡಿ.

ಮೊದಲ ಮರಿ ಹೊರಟ ಎರಡು ಮೂರು ದಿನಕ್ಕೆ ಗೂಡು ತೋಡಿ ಖಾಲಿ ಚಿಪ್ಪು ಎಣಿಸಿ, ಒಡೆಯದ ಮೊಟ್ಟೆ ತೆರೆದು ನೋಡಿ. ಹೆಚ್ಚಿನವು ಎಳೆಯ ಹಂತದಲ್ಲೇ ಸತ್ತಿದ್ದರೆ ಸಾಗಿಸಿದ ರೀತಿಯನ್ನು ಶಂಕಿಸಬೇಕು, ಪೂರ್ತಿ ಬೆಳೆದ ಮೇಲೆ ಸತ್ತಿದ್ದರೆ ಗೂಡಿನ ಬಿಸಿಯನ್ನೋ ತೇವವನ್ನೋ.